ಎರಡನೇ ಬೋರಿಗೆ ಅನುಮತಿ: ಅರ್ಜಿಗೆ ಮುಂಚೆ ಅಳತೆ

ಕೋಲಾರ ಜಿಲ್ಲೆಯಲ್ಲಿ ಹೊಲಕ್ಕೆ ಬೋರು ಕೊರೆಸುವುದಾದರೆ ರಿಗ್ ಲಾರಿಯವರಿಗೆ ಫೋನ್ ಮಾಡುವುದು ಕೊನೆಯ ಕೆಲಸ. ಇಲ್ಲಿ ಭೂಮಿಗೆ ವರ್ಷಕ್ಕೆ ಇಂಗುವುದಕ್ಕಿಂತ ನಾವು ಮೇಲೆತ್ತುವ ನೀರೇ ಹೆಚ್ಚು. ಬಳಕೆ ಶೇ 100 ದಾಟಿದ ಇಂಥ ಕಡೆಗಳನ್ನು ಇಲಾಖೆ 'ಅತಿಬಳಕೆ' ಎಂದು ಗುರುತಿಸುತ್ತದೆ. ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಮೊದಲು ಅನುಮತಿ ಬೇಕು. ಅದನ್ನು ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಅಂತರ್ಜಲ ಸಮಿತಿ. ಕಡತ ನೋಡುವುದು ಜಿಲ್ಲಾ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳು.

ಸಮಿತಿ ಮುಖ್ಯವಾಗಿ ನೋಡುವುದು ಇಷ್ಟು: ನೀರು ಯಾವುದಕ್ಕೆ, ಎಷ್ಟು, ಹತ್ತಿರದಲ್ಲಿ ಯಾರ ಬಾವಿ ಇದೆ, ಕುಡಿಯುವ ನೀರಿನ ಮೂಲಕ್ಕೆ ಪೆಟ್ಟು ಬೀಳುತ್ತದೆಯೇ. 'ನೀರು ಸಾಲದು, ಬೋರು ಬೇಕು' ಎಂದಷ್ಟೇ ಬರೆದರೆ ಇವುಗಳಲ್ಲಿ ಒಂದಕ್ಕೂ ಉತ್ತರವಿರುವುದಿಲ್ಲ. ನಾನು ಅರ್ಜಿ ಬರೆಯುವ ಮೊದಲು ಹಳೆಯ ಬೋರು ಗಂಟೆಗೆ ಎಷ್ಟು ನೀರು ಕೊಡುತ್ತದೆ ಎಂದು ಅಳೆದೆ.

ಅಳತೆಗೆ ವಿ-ನಾಚ್ ಡಬ್ಬಿ ಸಾಕು. ಮೂರಡಿ ಉದ್ದದ ತಗಡಿನ ಡಬ್ಬಿ, ಒಂದು ತುದಿಯಲ್ಲಿ 90 ಡಿಗ್ರಿ ಕೋನದ 'V' ಆಕಾರದಲ್ಲಿ ಕತ್ತರಿಸಿದ ಬಾಯಿ (ಇದೇ ನಾಚು), ಪೈಪಿನ ನೀರು ಅಲೆಯಾಗದಂತೆ ನಡುವೆ ಒಂದು ಅಡ್ಡ ತಗಡು. ಡಬ್ಬಿಯನ್ನು ಮಟ್ಟಗೋಲಿಟ್ಟು ಸಮ ಕೂರಿಸಬೇಕು. ಬೀಳುವ ನೀರಿನ ಕೆಳಗೆ ಗಾಳಿಯಾಡಬೇಕು. ಸ್ಕೇಲನ್ನು ನಾಚಿನ ತುಟಿಗೆ ಹಿಡಿಯಬಾರದು. ಅಲ್ಲಿ ನೀರು ಆಗಲೇ ಬಾಗಿರುತ್ತದೆ, ಎತ್ತರ ಕಡಿಮೆ ಕಾಣುತ್ತದೆ. ಒಂದಡಿ ಹಿಂದೆ ಡಬ್ಬಿಯ ಗೋಡೆಗೆ ಸ್ಕೇಲು ಅಂಟಿಸಿ, ಸೊನ್ನೆಯನ್ನು ನಾಚಿನ ತಳಮೂಲೆಯ ಮಟ್ಟಕ್ಕೆ ಸರಿಯಾಗಿ ಕೂರಿಸಬೇಕು. ಎತ್ತರದಲ್ಲಿ ಹತ್ತನೇ ಒಂದು ಭಾಗ ತಪ್ಪಿದರೆ ನೀರಿನ ಲೆಕ್ಕ ಕಾಲು ಭಾಗ ತಪ್ಪುತ್ತದೆ.

ನಾವು ಆಡುವ 'ಇಂಚು' ನೀರು ಈ ನಾಚಿನಲ್ಲಿ ನೀರು ನಿಂತ ಎತ್ತರದ ಇಂಚು, ಪೈಪಿನದಲ್ಲ. ಒಂದಿಂಚು ಅಂದರೆ ಗಂಟೆಗೆ ಸುಮಾರು 510 ಲೀಟರ್. ಒಂದೂವರೆ ಇಂಚಿಗೆ 1,400. ಎರಡಿಂಚು ಒಂದರ ಎರಡರಷ್ಟಲ್ಲ, ಐದೂವರೆ ಪಟ್ಟು: ಸುಮಾರು 2,900. ಮೂರಿಂಚಾದರೆ 8,000 ಲೀಟರಿನ ಹತ್ತಿರ. ಅರ್ಜಿಯಲ್ಲಿ ಇಂಚು ಬರೆದು ಬಿಡಬೇಡಿ, ಲೀಟರಿನಲ್ಲೇ ಬರೆಯಿರಿ.

ಮೋಟಾರು ಹಾಕಿದ ಕೂಡಲೇ ಅಳೆದರೂ ಮೋಸವೇ. ಆರೂವರೆ ಇಂಚಿನ ಬೋರಿನೊಳಗೆ ಪ್ರತಿ 100 ಅಡಿಗೆ ಸುಮಾರು 650 ಲೀಟರ್ ನಿಂತಿರುತ್ತದೆ. ಮೊದಲು ಬರುವುದು ಆ ನೀರು. ನಾಚಿನ ಮಟ್ಟ ಇಳಿದಿಳಿದು ಒಂದೇ ಕಡೆ ನಿಂತ ಮೇಲೆ, ಅರ್ಧ ಗಂಟೆಗೊಮ್ಮೆ ಮೂರು ಸಲ ಬರೆದುಕೊಂಡೆ.

ಇನ್ನು ಬೇಡಿಕೆಯ ಲೆಕ್ಕ. ಒಂದು ಎಕರೆ ಟೊಮೆಟೊಗೆ ಡ್ರಿಪ್‌ನಲ್ಲಿ ದಿನಕ್ಕೆ 4 ಮಿಲಿಮೀಟರ್ ಎತ್ತರದಷ್ಟು ನೀರು ಎಂದು ಹಿಡಿದರೆ 16,000 ಲೀಟರ್. ಹಳೆಯ ಬೋರು ಒಂದಿಂಚು. ಮೂರು ಫೇಸ್ ಕರೆಂಟು 7 ಗಂಟೆ ಪೂರ್ತಿ ಸಿಕ್ಕರೂ ಸುಮಾರು 3,600 ಲೀಟರ್. ಕೊರತೆ 12,400. ಅರ್ಜಿಯಲ್ಲಿ ಕೇಳಿದ್ದು ಇಷ್ಟೇ ನೀರು, ಜೊತೆಗೆ ಡ್ರಿಪ್ ಬಿಲ್ಲಿನ ನಕಲು. ಅಂದಾಜಿಗೆ 50,000 ಲೀಟರ್ ಎಂದು ಬರೆದರೆ ಸ್ಥಳ ಪರಿಶೀಲನೆಗೆ ಬಂದವರಿಗೆ ಬೆಳೆ ನೋಡಿದ ತಕ್ಷಣ ಸುಳ್ಳು ಗೊತ್ತಾಗುತ್ತದೆ.

ದೂರದ ವಿಷಯದಲ್ಲಿ ಒಂದು ಹಳೆಯ ಕಾಯ್ದೆಯನ್ನು ಮರೆಯುವವರೇ ಹೆಚ್ಚು. 1999ರ ಕುಡಿಯುವ ನೀರಿನ ಮೂಲಗಳ ರಕ್ಷಣೆ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೆಗೆಯುವಂತಿಲ್ಲ. ಪಂಚಾಯಿತಿಯ ಬೋರು ನಿಮ್ಮ ಹೊಲದಿಂದ ಎಷ್ಟು ದೂರ ಎಂಬುದನ್ನು ದಾರಿ ಹಿಡಿದು ಅಳೆಯಬೇಡಿ, ನೇರ ಗೆರೆಯಲ್ಲಿ ಅಳೆಯಿರಿ. ಮೊಬೈಲ್ ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸಬಹುದು, ಹಾಗಾಗಿ 490 ಅಥವಾ 510 ಬಂದರೆ ಟೇಪು ಹಿಡಿಯಲೇಬೇಕು. ಗ್ರಾಮ ನಕಾಶೆಯ ನಕಲಿನ ಮೇಲೆ ಸುತ್ತಲಿನ ಎಲ್ಲ ಬೋರುಗಳನ್ನು, ಬತ್ತಿದವನ್ನೂ ಬಿಡದೆ, ಗುರುತಿಸಿ ಸರ್ವೆ ನಂಬರ್ ಬರೆದು ಲಗತ್ತಿಸಿದೆ.

ಕಾಗದಪತ್ರ ಹೆಚ್ಚಿಲ್ಲ: ಪಹಣಿ, ಮ್ಯುಟೇಶನ್, ಸ್ಕೆಚ್, ಆಧಾರ್, ಹಳೆಯ ಬೋರಿನ ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ಸಂಖ್ಯೆ). ತೊಡಕೆಲ್ಲ ಜಮೀನಿನಲ್ಲಿ. ಜಂಟಿ ಖಾತೆಯಾದರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಬೇಕು. ಪೋಡಿ, ಅಂದರೆ ಹಿಸ್ಸೆಗಳನ್ನು ಅಳೆದು ಬೇರೆ ಮಾಡುವ ಕೆಲಸ, ಆಗದಿದ್ದರೆ ನೀವು ತೋರಿಸಿದ ಪಾಯಿಂಟು ನಿಮ್ಮ ಹಿಸ್ಸೆಯಲ್ಲೇ ಇದೆ ಎನ್ನುವುದಕ್ಕೆ ಆಧಾರವೇ ಇರುವುದಿಲ್ಲ. ಮೊದಲು ಪೋಡಿ, ಆಮೇಲೆ ಬೋರು. ಹಳೆಯ ಬೋರು ನೋಂದಣಿಯಾಗದಿದ್ದರೆ ಅದನ್ನೂ ಮುಗಿಸಿಕೊಳ್ಳಿ. ಅರ್ಜಿ ಕೊಟ್ಟಾಗ ಟಪಾಲು ವಿಭಾಗದಲ್ಲಿ ಸ್ವೀಕೃತಿ ಮೊಹರು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ತಿರಸ್ಕರಿಸಿದರೆ ಕಾರಣ ಬರೆದ ಹಿಂಬರಹ ಕೇಳಿ; ಬಾಯಿಮಾತಿನ 'ಆಗಲ್ಲ' ಹಿಡಿದುಕೊಂಡು ಮುಂದೆ ಎಲ್ಲಿಗೂ ಹೋಗಲಾಗದು.

ಅನುಮತಿ ಕೈಗೆ ಬಂದ ಮೇಲೂ ಒಂದು ಹೆಜ್ಜೆ ಇದೆ. ತೆರೆದ ಕೊಳವೆ ಬಾವಿಗಳಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಕೊರೆಯುವ 15 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು. ಗ್ರಾಮ ಪಂಚಾಯಿತಿಗೆ ಕೊಟ್ಟು ನಕಲಿಗೆ ಸಹಿ ಪಡೆದೆ. ರಿಗ್ ನೋಂದಣಿ ಪತ್ರವನ್ನು ಲಾರಿ ಹೊಲಕ್ಕೆ ಇಳಿಯುವ ಮೊದಲು ನೋಡಿ, ಲಾರಿಯ ನಂಬರಿಗೆ ತಾಳೆಹಾಕಿ.

ಕೊರೆಯುವಾಗ ರಾಡು ಎಣಿಸುವುದು ನಮ್ಮ ಕೆಲಸ. ಒಂದು ರಾಡಿನ ಉದ್ದ ಮೊದಲೇ ಅಳೆದಿಟ್ಟುಕೊಳ್ಳಬೇಕು. 20 ಅಡಿಯದಾದರೆ 30 ರಾಡಿಗೆ 600 ಅಡಿ. ಎಷ್ಟು ಅಡಿಗೆ ಮಣ್ಣು ಮುಗಿಯಿತು, ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಎಲ್ಲಿ ಗಟ್ಟಿ ಬಂಡೆಗೆ ಕೂತಿತು, ಯಾವ ಆಳದಲ್ಲಿ ನೀರು ಸಿಕ್ಕಿತು, ಪ್ರತಿ ಸಲ ನಾಚು ಎಷ್ಟು ತೋರಿಸಿತು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಕೇಸಿಂಗ್ ಕೊಳೆತ ಕಲ್ಲಿನಲ್ಲೇ ನಿಂತರೆ ಮುಂದೆ ಮಣ್ಣು ಕುಸಿದು ಮೋಟಾರು ಸಿಕ್ಕಿಹಾಕಿಕೊಳ್ಳುತ್ತದೆ.

ನೀರು ಬಂದರೆ ಕೇಸಿಂಗ್ ಸುತ್ತ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಉದ್ದದ ಕಾಂಕ್ರೀಟ್ ಕಟ್ಟೆ ಹಾಕಬೇಕು: 30 ಸೆಂಟಿಮೀಟರ್ ನೆಲದೊಳಗೆ, 30 ಮೇಲಕ್ಕೆ. ಬಾಯಿಗೆ ಬೋಲ್ಟು ಹಾಕಿದ ಮುಚ್ಚಳ. ಮೋಟಾರು ರಿಪೇರಿಗೆ ಮೇಲೆತ್ತಿದ ದಿನವೂ ಬಾಯಿ ತೆರೆದಿರಬಾರದು.

ನೀರು ಬಾರದ ಬೋರಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಅಪಾಯ ಇರುವುದು ಅಲ್ಲಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ತೆರೆದ ಬೋರಿಗೆ ಬಿದ್ದು, ಬಹಳ ಹೊತ್ತಿನ ಹೋರಾಟದ ಮೇಲೆ ಜೀವಂತ ಮೇಲೆ ಬಂತು. ಎಲ್ಲ ಮಕ್ಕಳಿಗೂ ಆ ಭಾಗ್ಯ ಸಿಕ್ಕಿಲ್ಲ. ಕೇಸಿಂಗ್ ಮಾರಿದರೆ ನಾಲ್ಕು ಕಾಸು ಬರುತ್ತದೆಂದು ಕಿತ್ತುಕೊಂಡು ಹೋಗುತ್ತಾರೆ. ಬಾಯಿ ಕುಸಿದು ಕೊಳವೆ ಇನ್ನೂ ಅಗಲವಾಗುತ್ತದೆ. ಗೋಣಿಚೀಲ, ಚಪ್ಪಡಿ ಕಲ್ಲು ಮುಚ್ಚಳವಲ್ಲ.

ತಳದಿಂದ ನೆಲದವರೆಗೂ ತುಂಬಬೇಕು. 600 ಅಡಿಗೆ ಬೇಕಾಗುವುದು ಸುಮಾರು 140 ಘನ ಅಡಿ ಮರಳು, ಜಲ್ಲಿ ಅಥವಾ ಕೊರೆದಾಗ ಬಂದ ಕಲ್ಲುಪುಡಿ. ಆ ಪುಡಿಯನ್ನು ಅಂದೇ ಒಂದು ಕಡೆ ಗುಡ್ಡೆ ಹಾಕಿಸಿದರೆ ಹೊರಗಿನಿಂದ ತರುವುದು ಕಡಿಮೆಯಾಗುತ್ತದೆ. ಟ್ರ್ಯಾಕ್ಟರಿನಿಂದ ಒಮ್ಮೆಗೇ ಸುರಿದರೆ ನಡುದಾರಿಯಲ್ಲಿ ಕಟ್ಟಿಕೊಂಡು ಮೇಲೆ ತುಂಬಿದಂತೆ ಕಾಣುತ್ತದೆ, ಕೆಳಗೆ ಪೊಳ್ಳು. ಬಾಂಡ್ಲಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ನಡುನಡುವೆ ನೀರು ಬಿಡುತ್ತಾ, ಕಲ್ಲು ಕಟ್ಟಿದ ಹಗ್ಗ ಇಳಿಸಿ ಆಳ ನೋಡುತ್ತಿರಬೇಕು. 100 ಅಡಿ ಏರಲು 23 ಘನ ಅಡಿ ಹೋಗಬೇಕು. ಹತ್ತಕ್ಕೇ ಅಷ್ಟು ಏರಿತೆಂದರೆ ಎಲ್ಲೋ ಕಟ್ಟಿಕೊಂಡಿದೆ, ಸುರಿಯುವುದನ್ನು ನಿಲ್ಲಿಸಿ ಉದ್ದ ಪೈಪಿನಿಂದ ಕುಟ್ಟಿ ಬಿಡಿಸಬೇಕು. ಕೊನೆಯ ಐದಡಿಗೆ ಜೇಡಿಮಣ್ಣು ತುಳಿದು ತುಂಬಿ, ಮೇಲೆ ಸ್ವಲ್ಪ ದಿಬ್ಬ ಬಿಟ್ಟೆ. ಒಳ್ಳೆಯ ಮಳೆ ಬಂದ ಮಾರನೆಯ ದಿನ ಹೋಗಿ ನೋಡಿ, ದಿಬ್ಬ ಒಂದಡಿ ಇಳಿದಿದ್ದಲ್ಲಿಗೆ ಇನ್ನೆರಡು ಬಾಂಡ್ಲಿ ಮಣ್ಣು ಹಾಕಿದೆ.