ಟಾರ್ಡಿಸ್ ದೀಪದಿಂದ ಛಾವಣಿಗೆ ಬೀಳುವ ಸಮಯ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಗಳೂ ನಾನೂ ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಬಹಳ ಪ್ರೀತಿಯಿಂದ ನೋಡುತ್ತೇವೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ ಈ ಧಾರಾವಾಹಿ 1989ರಲ್ಲಿ ನಿಂತಿತ್ತು, 2005ರಲ್ಲಿ ಮತ್ತೆ ಬಂತು. ಅದರಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುವ ಯಂತ್ರವೇ ಟಾರ್ಡಿಸ್. ಹೊರಗಿನಿಂದ ನೋಡಿದರೆ ಅದು ಲಂಡನ್ನಿನ ಹಳೆಯ ನೀಲಿ ಪೊಲೀಸ್ ಪೆಟ್ಟಿಗೆ, ಅಂದರೆ ಪೊಲೀಸರನ್ನು ಕರೆಯಲು ಬೀದಿಯಲ್ಲಿರುತ್ತಿದ್ದ ಫೋನಿನ ಗೂಡು. ಅದೇ ಆಕಾರದ, ಛಾವಣಿಯ ಮೇಲೆ ಸಮಯ ತೋರಿಸುವ ಅಲಾರಂ ಗಡಿಯಾರಗಳು ವಿದೇಶದಲ್ಲಿ ತಯಾರಾಗಿವೆ. ಅದರ ಚಿತ್ರ ನೋಡಿದ ಮಗಳು, “ಅವ್ವಾ, ಇದನ್ನು ನಾವೇ ಮಾಡೋಣ” ಎಂದಳು. ತರಿಸಿಕೊಳ್ಳುವುದಕ್ಕಿಂತ ಮಾಡುವುದೇ ನನಗೂ ಇಷ್ಟವಾಯಿತು. ಕಾಲಯಂತ್ರದ ತಲೆಯ ಮೇಲಿನ ದೀಪದಿಂದಲೇ ಸಮಯ ಹೊರಬರಬೇಕು ಎಂಬುದು ನಮ್ಮ ಹಟವಾಗಿತ್ತು.

ಗಡಿಯಾರದ ಒಳಗನ್ನು ಹೊಸದಾಗಿ ಕಟ್ಟುವ ಅಗತ್ಯವಿಲ್ಲ. ಅಂಗಡಿಯಲ್ಲಿ ಸಿಗುವ ಸಾಧಾರಣ ಪ್ರೊಜೆಕ್ಷನ್ ಗಡಿಯಾರವನ್ನು ಬಿಚ್ಚಿದರೆ ಬೇಕಾದ ಬಹುಪಾಲು ಅಲ್ಲೇ ಇರುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳು, ಒಂದು ಕೆಂಪು ಎಲ್‌ಇಡಿ, ಅದರ ಮುಂದೆ ಅಂಕಿ ಮೂಡಿಸುವ, ಉಗುರಿನಷ್ಟು ಅಗಲದ ಪರದೆಯಾದ ಎಲ್‌ಸಿಡಿ. ಈ ಎಲ್‌ಸಿಡಿಯಲ್ಲಿ ಹಿನ್ನೆಲೆ ಕಪ್ಪು, ಅಂಕಿಗಳು ಪಾರದರ್ಶಕ. ಹಾಗಾಗಿ ಅಂಕಿಯ ಆಕಾರದಲ್ಲಿ ಮಾತ್ರ ಬೆಳಕು ದಾಟುತ್ತದೆ. ಬೆಳಕು ಕೆಂಪಾಗಿರುವುದಕ್ಕೆ ಕಾರಣವಿದೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿನಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ಕೆಂಪು ಬೆಳಕಿಗೆ ಹೆಚ್ಚು ಸ್ಪಂದಿಸುವುದಿಲ್ಲ. ನಡುರಾತ್ರಿ ಸಮಯ ನೋಡಿದರೂ ಕಣ್ಣು ಕುಕ್ಕುವುದಿಲ್ಲ.

ನಾನು ಹೆಚ್ಚು ಹೊತ್ತು ಕೂತದ್ದು ಮಸೂರದ ಜೊತೆ. ಮೂಲ ಮಸೂರ ಸಣ್ಣ ಪ್ಲಾಸ್ಟಿಕ್ಕಿನದು, ಅಂಕಿಗಳ ಅಂಚು ಮಸುಕಾಗುತ್ತಿತ್ತು. ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿಯನ್ನು ಅದರ ಜಾಗಕ್ಕೆ ತಂದೆ. ಅದರ ಸಂಗಮದೂರ (ಫೋಕಲ್ ಲೆಂತ್) ಸುಮಾರು 25 ಮಿಲಿಮೀಟರ್. ನಮ್ಮ ಕೋಣೆಯ ಎತ್ತರ ಮೂರು ಮೀಟರ್. ಮೇಜು, ಪೆಟ್ಟಿಗೆ ಕಳೆದರೆ ಛಾವಣಿಗೆ ಉಳಿಯುವುದು ಎರಡು ಮೀಟರ್. ಹತ್ತನೇ ತರಗತಿಯ ಮಸೂರದ ಸೂತ್ರಕ್ಕೆ ಹಾಕಿದರೆ ಎಲ್‌ಸಿಡಿ ಮಸೂರದಿಂದ 25.32 ಮಿಲಿಮೀಟರ್ ದೂರದಲ್ಲಿರಬೇಕು. ಆಗ ಅಂಕಿ ಸುಮಾರು ಎಂಬತ್ತು ಪಟ್ಟು ಹಿಗ್ಗುತ್ತದೆ: ಎರಡೂವರೆ ಮಿಲಿಮೀಟರಿನ ಅಂಕಿ ಛಾವಣಿಯಲ್ಲಿ ಇಪ್ಪತ್ತು ಸೆಂಟಿಮೀಟರ್.

ನೆಲದ ಮೇಲೆ ಹಾಸಿಗೆ ಹಾಸಿ, ಪೆಟ್ಟಿಗೆಯನ್ನು ಪಕ್ಕದಲ್ಲಿ ಇಟ್ಟುಕೊಂಡರೆ ದೂರ 2.75 ಮೀಟರ್ ಆಗುತ್ತದೆ. ಆಗ ಎಲ್‌ಸಿಡಿ 25.23 ಮಿಲಿಮೀಟರಿಗೆ ಬರಬೇಕು. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಸರಿಸಬೇಕು! ಕೊಳವೆಯನ್ನು ಕೈಯಿಂದ ಹಿಂದೆ ಮುಂದೆ ಜಾರಿಸಿ ಇಷ್ಟು ಸೂಕ್ಷ್ಮ ಸಾಧಿಸುವುದು ಕಷ್ಟ. ಅದಕ್ಕೇ ಲೇಥ್ ಅಂಗಡಿಯಲ್ಲಿ ಹಿತ್ತಾಳೆ ಕೊಳವೆಗೆ ಒಂದು ಮಿಲಿಮೀಟರ್ ಅಂತರದ ಥ್ರೆಡ್ ಹಾಕಿಸಿದೆ. ಒಂದು ಸುತ್ತಿಗೆ ಒಂದು ಮಿಲಿಮೀಟರ್; ಬೆರಳಿನಿಂದ ತುಸು ತಿರುವಿದರೆ ಅಂಕಿ ಚೊಕ್ಕಟವಾಗಿ ನಿಲ್ಲುತ್ತದೆ. ದೂರ ಹೆಚ್ಚಿದಷ್ಟೂ ಬೆಳಕು ಹರಡುವುದರಿಂದ ನೆಲದ ಮೇಲಿಟ್ಟಾಗ ಅಂಕಿಯ ಹೊಳಪು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕೋಣೆ ಪೂರ್ತಿ ಕತ್ತಲಾಗಿದ್ದರೆ ಅಷ್ಟೇ ಸಾಕು.

ಮಲಗಿದವರ ತಲೆ ಯಾವ ಕಡೆಗಿದೆ ಎಂಬುದೂ ಮುಖ್ಯ. ದಿಕ್ಕು ಬದಲಾದರೆ ಅಂಕಿ ತಲೆಕೆಳಗಾಗಿ ಕಾಣುತ್ತದೆ. ಪೆಟ್ಟಿಗೆಯನ್ನೇ ತಿರುಗಿಸಿದರೆ ಟಾರ್ಡಿಸ್ಸಿನ ಬಾಗಿಲು ಗೋಡೆಗೆ ಮುಖ ಮಾಡುತ್ತದೆ, ಅದು ನಮಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಎಲ್‌ಇಡಿ, ಎಲ್‌ಸಿಡಿ, ಮಸೂರ ಮೂರನ್ನೂ ಒಂದೇ ಕೊಳವೆಯಲ್ಲಿ ಕೂಡಿಸಿ, ಮೇಲಿನ ದೀಪದ ರಂಧ್ರದೊಳಗೆ ಇಡೀ ಕೊಳವೆ ತಿರುಗುವಂತೆ ಮಾಡಿದೆವು. ಸೀಲಿಂಗ್ ಫ್ಯಾನಿನ ಕೆಳಗೆ ಮಾತ್ರ ಇದನ್ನು ಇಡಬೇಡಿ, ರೆಕ್ಕೆಗಳು ಅಂಕಿಯನ್ನು ಕತ್ತರಿಸುತ್ತವೆ. ನಮ್ಮ ಊರಿನ ಬಿಸಿಲಿಗೆ ಫ್ಯಾನ್ ನಿಲ್ಲಿಸುವ ಮಾತೇ ಇಲ್ಲವಲ್ಲ! ಸೊಳ್ಳೆಪರದೆಯ ಒಳಗೆ ಇಟ್ಟರೂ ಒಂದಿಷ್ಟು ಬೆಳಕು ಪರದೆಯಲ್ಲೇ ಉಳಿದುಬಿಡುತ್ತದೆ.

ಗುಳೇದಗುಡ್ಡದ ನನ್ನ ತವರಿನಲ್ಲಿ ಬೇರೆಯದೇ ಪರೀಕ್ಷೆ. ಅದು ಜಂತಿಯ ಮನೆ. ಕಪ್ಪಾದ ಮರ ಬೆಳಕನ್ನು ನುಂಗುತ್ತದೆ, ತೊಲೆಯಿಂದ ತೊಲೆಗೆ ಅಂಕಿ ಮುರಿಯುತ್ತದೆ. ಸುಣ್ಣ ಬಳಿದ ಗೋಡೆಗೆ ತಿರುಗಿಸೋಣವೆಂದು ಕನ್ನಡಿ ಇಟ್ಟರೆ ಅಂಕಿ ಎಡಬಲವಾಗುತ್ತದೆ. ಅಪ್ಪ ತಮ್ಮದೊಂದು ಬಿಳಿ ಧೋತರವನ್ನು ಜಂತಿಗಳ ಕೆಳಗೆ ಬಿಗಿಯಾಗಿ ಕಟ್ಟಿಕೊಟ್ಟರು. ನವನಗರದ ಸ್ಲ್ಯಾಬಿಗಿಂತಲೂ ಅಲ್ಲಿ ಅಂಕಿ ಚೆನ್ನಾಗಿ ಮೂಡಿತು.

ವಿದ್ಯುತ್ತಿನ ಲೆಕ್ಕ ಸರಳ. ಎಲ್‌ಇಡಿಗೆ 20 ಮಿಲಿಆಂಪಿಯರ್ ಹಿಡಿದರೆ, 1000 ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳು 50 ಗಂಟೆಯಲ್ಲಿ ಬರಿದಾಗುತ್ತವೆ. ರಾತ್ರಿಯಿಡೀ ಅಂಕಿ ಬೇಕಾದರೆ ಅಡಾಪ್ಟರ್ ಬೇಕೇ ಬೇಕು. ಸೆಲ್ಲುಗಳು ಕರೆಂಟ್ ಹೋದಾಗ ಸಮಯ ತಪ್ಪದಿರಲು.

ಪೆಟ್ಟಿಗೆಯನ್ನು ನಮ್ಮ ಓಣಿಯ ಬಡಿಗೇರ ಕಾಕಾ ಪ್ಲೈವುಡ್‌ನಲ್ಲಿ ಕೂಡಿಸಿದರು. ಪ್ರತಿ ಬಾಗಿಲಿಗೆ ನಾಲ್ಕು ಅಂಕಣ, ಮೇಲಿನ ಅಂಕಣದಲ್ಲಿ ಆರು ಗಾಜಿನ ಕಿಟಕಿ, ಬಣ್ಣ ಮಗಳದು.

ಇನ್ನು ಅಲಾರಂ. ಟಾರ್ಡಿಸ್ ಬಂದಿಳಿಯುವಾಗಿನ ಆ ನರಳುವ ಸದ್ದನ್ನು ಬಿಬಿಸಿಯ ವಿಶೇಷ ಧ್ವನಿ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪಿನ ಬ್ರಯಾನ್ ಹಾಡ್ಜ್‌ಸನ್ ಸೃಷ್ಟಿಸಿದ್ದು ಹಳೆಯ ಪಿಯಾನೊದ ದಪ್ಪ ತಂತಿಗಳ ಮೇಲೆ ಮನೆಯ ಕೀಲಿಕೈ ಎಳೆದು. ಇದು ತಿಳಿದ ಮೇಲೆ ಬೇರೆಯವರ ಧ್ವನಿಮುದ್ರಣ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ಪಿಯಾನೊ ನಮಗೆ ಎಲ್ಲಿಯದು? ಭಜನೆಯ ತಂಬೂರಿಯ ತಂತಿ ನುಣುಪಾಗಿದ್ದು ಕೀಲಿಕೈ ಜಾರುತ್ತದೆ. ಗಿಟಾರಿನ ಅತಿ ದಪ್ಪ ತಂತಿಗೆ, ಪಿಯಾನೊದ ದಪ್ಪ ತಂತಿಗಿರುವಂತೆ, ಸುತ್ತಲೂ ಇನ್ನೊಂದು ತಂತಿ ಸುತ್ತಿರುತ್ತದೆ. ಆ ಏಣುಗಳ ಮೇಲೆ ಕಪಾಟಿನ ಕೀಲಿಕೈ ಎಳೆದಾಗ ಮಗಳು ಕೂತಲ್ಲಿಂದ ಎದ್ದು ಕುಣಿದಳು. ಮೊಬೈಲಿನಲ್ಲಿ ಮುದ್ರಿಸಿ, ಕಂಪ್ಯೂಟರಿನಲ್ಲಿ ವೇಗ ಇಳಿಸಿ, ಪ್ರತಿಧ್ವನಿ ಸೇರಿಸಿದೆವು. ಗಡಿಯಾರದ ಪೀಪಿಯ ಬಿಲ್ಲೆಯನ್ನು ತೆಗೆದು, ಅದಕ್ಕೆ ಹೋಗುತ್ತಿದ್ದ ಸಂಕೇತವನ್ನು ಡಯೋಡ್, ಕೆಪಾಸಿಟರ್, ಟ್ರಾನ್ಸಿಸ್ಟರ್ ಮೂಲಕ ಸಣ್ಣ ಎಂಪಿ3 ಮಾಡ್ಯೂಲಿಗೆ ಕೊಟ್ಟರೆ, ಅಲಾರಂ ಹೊತ್ತಿಗೆ ಈ ಸದ್ದು ಮೊಳಗುತ್ತದೆ.

ಶಾಲೆಯ ಸಹೋದ್ಯೋಗಿಗಳು ತಮ್ಮ ಮಕ್ಕಳಿಗೂ ಮಾಡಿಕೊಡಿ, ಹಣ ಕೊಡುತ್ತೇವೆ ಎನ್ನುತ್ತಾರೆ. ನಾನು ಮಾರುವುದಿಲ್ಲ. ಈ ನೀಲಿ ಪೆಟ್ಟಿಗೆಯ ಆಕಾರದ ಟ್ರೇಡ್‌ಮಾರ್ಕ್ ಬಿಬಿಸಿಯದೇ ಎಂದು 2002ರಲ್ಲಿ ಬ್ರಿಟನ್ನಿನಲ್ಲಿ ತೀರ್ಮಾನವಾಗಿದೆ. ಮಕ್ಕಳನ್ನು ಭಾನುವಾರ ಕಳುಹಿಸಿ, ಬೆಸುಗೆ ಹಾಕುವುದನ್ನೂ ಮಸೂರ ಕೂಡಿಸುವುದನ್ನೂ ಕಲಿಸುತ್ತೇನೆ ಎಂದಿದ್ದೇನೆ. ಪೆಟ್ಟಿಗೆಯ ಆಕಾರ ಅವರವರ ಇಷ್ಟ.