ತಲೆಗೆ 45 ಸಾವಿರ ವಿದೇಶಿ ಸಾಲ: ಫಾರ್ವರ್ಡ್ ಮಾಡುವ ಮೊದಲು ಹೀಗೆ ಲೆಕ್ಕ ಹಾಕಿ

ಬ್ರಹ್ಮಾವರದಿಂದ ದೊಡ್ಡಪ್ಪ ಫೋನ್ ಮಾಡಿದಾಗ ರಾತ್ರಿ ಒಂಬತ್ತೂವರೆ. ಸಾಮಾನ್ಯವಾಗಿ ಆ ಹೊತ್ತಿಗೆ ಅವರಿಗೆ ಒಂದು ನಿದ್ದೆ ಆಗಿರುತ್ತದೆ. "ಅಲ್ಲ ಮಾರಾಯ, ನಮ್ಮ ದೇಶವನ್ನೇ ಅಡವಿಟ್ಟಿದ್ದಾರಂತೆ, ಹೌದಾ? ನಾಳೆ ಹೋಗಿ ಎಫ್‌ಡಿ ಮುರಿಸಿಬಿಡ್ಲಾ?" ಎಂದರು. ಮೇಷ್ಟ್ರಾಗಿ ನಿವೃತ್ತರಾದವರು. ಸುಮ್ನೆ ಹೆದರುವ ಜನ ಅಲ್ಲ.

ಅವರಿಗೆ ಬಂದ ಮೆಸೇಜ್ ನನಗೂ ಕಳಿಸಿದರು. ಮೇಲೆ ಜೋಡಿ ಬಾಣದ ಗುರುತು, ಅಂದರೆ ಅದು ಆಗಲೇ ಎಷ್ಟೋ ಕೈ ದಾಟಿ ಬಂದದ್ದು. ಒಳಗೆ ಹೀಗಿತ್ತು: 'ಎಚ್ಚರ! ಸರ್ಕಾರ ನಿಮ್ಮ ಹೆಸರಲ್ಲಿ ವಿದೇಶಿಯರ ಹತ್ತಿರ ಸಾಲ ಮಾಡಿದೆ. ಇವತ್ತು ಹುಟ್ಟಿದ ಮಗುವಿನ ತಲೆ ಮೇಲೂ 45 ಸಾವಿರ. ಚಿನ್ನ ಅಡವಿಗೆ ಹೋಗಿ ಆಯ್ತು. ಶ್ರೀಲಂಕಾ ಮುಗೀತು, ಮುಂದಿನ ಸರದಿ ನಮ್ಮದೇ.' ಅದೇ ವಾರ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಬಂತು. 'ವಿಶ್ವ ಬ್ಯಾಂಕಿನ ಸಾಲ ಪೂರ್ತಿ ತೀರಿಸಿದ ಭಾರತ! ಸ್ವಾತಂತ್ರ್ಯ ಬಂದಮೇಲೆ ಇದೇ ಮೊದಲು!'

ಎರಡನ್ನೂ ಒಂದೇ ದಾರಿಯಲ್ಲಿ ಪರೀಕ್ಷೆ ಮಾಡಬಹುದು. ಒಂದು ಹಾಳೆ, ಪೆನ್ನು, ಫೋನಿನ ಕ್ಯಾಲ್ಕ್ಯುಲೇಟರ್ ಇದ್ದರೆ ಅರ್ಧ ಗಂಟೆಯ ಕೆಲಸ. ಆವತ್ತು ರಾತ್ರಿ ದೊಡ್ಡಪ್ಪನ ಜೊತೆ ಫೋನಿನಲ್ಲೇ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಮೆಸೇಜನ್ನು ಬಿಡಿಸಿ ಬರೆದುಕೊಳ್ಳಿ

ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆಯಿರಿ. ಸಾಲ ಮಾಡಿದ್ದು ಯಾರು? ಕೊಟ್ಟವರು ಯಾರು? ಎಷ್ಟು, ಯಾವ ದುಡ್ಡಿನಲ್ಲಿ? ಯಾವ ತಾರೀಖಿನ ಲೆಕ್ಕ? ಮೆಸೇಜಿನಲ್ಲಿ ಇದ್ದ ಉತ್ತರವನ್ನು ಮುಂದೆ ಬರೆಯಿರಿ, ಇಲ್ಲದಿದ್ದರೆ ಖಾಲಿ ಬಿಡಿ. ದೊಡ್ಡಪ್ಪನ ಹಾಳೆಯಲ್ಲಿ 'ಸರ್ಕಾರ', 'ವಿದೇಶಿಯರು', '45 ಸಾವಿರ ರೂಪಾಯಿ' ಎಂದಾಯಿತು. ತಾರೀಖಿನ ಮುಂದೆ ಏನೂ ಇಲ್ಲ. ಸಾಲದ ಲೆಕ್ಕಕ್ಕೆ ತಾರೀಖು ಇರಲೇಬೇಕು. ಅದಿಲ್ಲದ ಅಂಕಿಯನ್ನು ಯಾವ ವರ್ಷ ಬೇಕಾದರೂ ಹರಿಬಿಡಬಹುದು.

ಎರಡನೆಯದು: ಮೂಲ ಲೆಕ್ಕ ತೆಗೆಯಿರಿ

ದೇಶದ ವಿದೇಶಿ ಸಾಲ ಗುಟ್ಟಿನ ವಿಷಯ ಅಲ್ಲ. ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಮಾರ್ಚ್ ಮತ್ತು ಜೂನ್ ಕೊನೆಯ ಲೆಕ್ಕವನ್ನು ರಿಸರ್ವ್ ಬ್ಯಾಂಕ್ ಕೊಡುತ್ತದೆ. ಸೆಪ್ಟೆಂಬರ್ ಮತ್ತು ಡಿಸೆಂಬರ್ ಕೊನೆಯದ್ದನ್ನು ಹಣಕಾಸು ಸಚಿವಾಲಯ ಕೊಡುತ್ತದೆ. ಪ್ರತಿಯೊಂದೂ ಮೂರು ತಿಂಗಳು ತಡವಾಗಿ ಬರುತ್ತದೆ. ಅಂದರೆ ಮಾರ್ಚ್ ಲೆಕ್ಕ ಜೂನ್ ಕೊನೆಗೆ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಪತ್ರಿಕಾ ಪ್ರಕಟಣೆಗಳ ವಿಭಾಗಕ್ಕೆ ಹೋಗಿ 'ಎಕ್ಸ್‌ಟರ್ನಲ್ ಡೆಟ್' ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುತ್ತದೆ. ಎರಡು ಪುಟದ ವಿವರಣೆ, ಕೆಳಗೆ ಪಟ್ಟಿಗಳು.

ನಾವು ನೋಡಿದ್ದು 2025ರ ಮಾರ್ಚ್ ಕೊನೆಯ ಲೆಕ್ಕ. ಒಟ್ಟು ವಿದೇಶಿ ಸಾಲ 736.3 ಬಿಲಿಯನ್ ಡಾಲರ್. ಒಂದು ಬಿಲಿಯನ್ ಅಂದರೆ 100 ಕೋಟಿ. ಆಗ ಡಾಲರಿಗೆ ಸುಮಾರು 85 ರೂಪಾಯಿ 50 ಪೈಸೆ. ಗುಣಿಸಿದರೆ ಹತ್ತಿರ ಹತ್ತಿರ 63 ಲಕ್ಷ ಕೋಟಿ ರೂಪಾಯಿ. 140 ಕೋಟಿ ಜನರಿಗೆ ಹಂಚಿದರೆ ತಲೆಗೆ 45 ಸಾವಿರ.

"ಹಾಗಾದ್ರೆ ಮೆಸೇಜ್ ಸರಿ ಇದೆ ಅಲ್ವಾ?" ದೊಡ್ಡಪ್ಪನ ದನಿ ಇನ್ನೂ ಇಳಿದುಹೋಯಿತು.

ಭಾಗಾಕಾರ ಸರಿ ಇತ್ತು. ಇಂಥ ಮೆಸೇಜ್‌ಗಳು ಓದಿದ ಜನರನ್ನೂ ನಂಬಿಸುವುದು ಹೀಗೆ. ಅಂಕಿ ಸರಿಯಾಗಿರುತ್ತದೆ, ಅದರ ಪಕ್ಕದ ಪದ ತಪ್ಪಾಗಿರುತ್ತದೆ. ಇಲ್ಲಿ ಆ ಪದ 'ಸರ್ಕಾರ'.

ಮೂರನೆಯದು: ಸಾಲಗಾರ ಯಾರು ನೋಡಿ

ಇದೇ ಮುಖ್ಯವಾದ ಹೆಜ್ಜೆ. ಇಲ್ಲಿ ಅವಸರ ಮಾಡಬೇಡಿ. ವಿದೇಶಿ ಸಾಲ ಅಂದರೆ ಭಾರತದಲ್ಲಿರುವ ಯಾರೇ ಆಗಲಿ, ಹೊರದೇಶದಲ್ಲಿರುವವರಿಗೆ ಕೊಡಬೇಕಾದ ಬಾಕಿ. ಸರ್ಕಾರದ್ದು ಅದರಲ್ಲಿ ಒಂದು ಪಾಲು ಅಷ್ಟೇ. ಪ್ರಕಟಣೆಯಲ್ಲಿ 'ಜನರಲ್ ಗವರ್ನಮೆಂಟ್' ಎಂಬ ಸಾಲು ಹುಡುಕಿ. 2025ರ ಮಾರ್ಚ್‌ನಲ್ಲಿ ಅದು ನೂರಕ್ಕೆ 22.9. ಕಂಪನಿಗಳ ಪಾಲು 35.5, ಬ್ಯಾಂಕುಗಳದ್ದು 27.5. ಒಂದು ಖಾಸಗಿ ಕಂಪನಿ ಸಿಂಗಾಪುರದಲ್ಲಿ ಎತ್ತಿದ ಸಾಲ ಇದರಲ್ಲಿ ಬರುತ್ತದೆ. ಹೊರದೇಶದಿಂದ ಸರಕು ತರಿಸಿ ದುಡ್ಡು ಆಮೇಲೆ ಕೊಡುತ್ತೇನೆ ಎಂದ ವ್ಯಾಪಾರಿಯ ಬಾಕಿಯೂ ಬರುತ್ತದೆ. ಆ ಸಾಲಗಳನ್ನು ಮಾಡಿದವರೇ ತೀರಿಸಬೇಕು. ನಿಮ್ಮ ಮೊಮ್ಮಗು ಅಲ್ಲ.

ಸರ್ಕಾರದ ಪಾಲನ್ನು ಮಾತ್ರ ಹಂಚಿ ನೋಡಿದೆವು. ತಲೆಗೆ 10 ಸಾವಿರದ ಆಸುಪಾಸು ಬಂತು.

ಆಗ ನಾನು ದೊಡ್ಡಪ್ಪನಿಗೆ ಕೇಳಿದೆ: "ಅಬುಧಾಬಿಯಲ್ಲಿರುವ ಪ್ರಕಾಶ ಊರಿನ ಬ್ಯಾಂಕಲ್ಲಿ ದುಡ್ಡು ಇಟ್ಟಿದ್ದಾನಲ್ಲ, ಅದು ಯಾವ ಖಾತೆ?" "ಎನ್‌ಆರ್‌ಇ ಠೇವಣಿ. ಪಾಸ್‌ಬುಕ್ ನನ್ನ ಹತ್ತಿರವೇ ಇದೆ," ಎಂದರು. ಆ ಠೇವಣಿಯೂ ಈ 736 ಬಿಲಿಯನ್ನಿನ ಒಳಗಿದೆ. ಪ್ರಕಾಶ ಹೊರದೇಶದಲ್ಲಿ ವಾಸವಾಗಿದ್ದಾನೆ, ಬ್ಯಾಂಕ್ ಇಲ್ಲಿದೆ. ಕೇಳಿದಾಗ ಬ್ಯಾಂಕ್ ಅವನಿಗೆ ದುಡ್ಡು ವಾಪಸ್ ಕೊಡಬೇಕು. ಹಾಗಾಗಿ ಲೆಕ್ಕದಲ್ಲಿ ಅದು ಭಾರತದ ವಿದೇಶಿ ಸಾಲ! ಅನಿವಾಸಿ ಭಾರತೀಯರ ಇಂಥ ಠೇವಣಿಗಳೆಲ್ಲ ಸೇರಿ 160 ಬಿಲಿಯನ್ ಡಾಲರ್ ದಾಟುತ್ತವೆ. ಸರ್ಕಾರದ ಇಡೀ ವಿದೇಶಿ ಸಾಲಕ್ಕೆ ಹತ್ತಿರ ಹತ್ತಿರ ಸಮ. ಕರಾವಳಿಯಲ್ಲಿ ಗಲ್ಫ್ ದುಡ್ಡಿನ ಠೇವಣಿ ಇಲ್ಲದ ಬೀದಿ ಎಷ್ಟಿದೆ ಹೇಳಿ? ನಾವು ಹೆದರುತ್ತಿದ್ದ ಸಾಲದಲ್ಲಿ ನಮ್ಮ ಮನೆ ಹುಡುಗರ ಉಳಿತಾಯವೂ ಇದೆ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಇನ್ನೊಂದು ಮಾತು. ಈ ಒಟ್ಟು ಸಾಲದಲ್ಲಿ ನೂರಕ್ಕೆ 31ರಷ್ಟು ರೂಪಾಯಿಯಲ್ಲೇ ಇದೆ. ಡಾಲರ್ ಸಾಲ ನೂರಕ್ಕೆ 54. ರೂಪಾಯಿ ಬೆಲೆ ಬಿದ್ದರೆ ಡಾಲರ್ ಸಾಲದ ಹೊರೆ ಏರುತ್ತದೆ, ರೂಪಾಯಿ ಸಾಲದ್ದು ಏರುವುದಿಲ್ಲ.

ನಾಲ್ಕನೆಯದು: ಹೋಲಿಕೆ ಯಾವ ಅಳತೆಯಲ್ಲಿದೆ?

'ಸಾಲ ಎರಡು ಪಟ್ಟು ಆಯ್ತು' ಎಂಬ ಮೆಸೇಜೂ, 'ಸಾಲ ಕಡಿಮೆ ಆಯ್ತು' ಎಂಬ ಮೆಸೇಜೂ ಒಂದೇ ಪಟ್ಟಿಯಿಂದ ಹುಟ್ಟಬಹುದು. ನೋಡಿ. 2014ರ ಮಾರ್ಚ್‌ನಲ್ಲಿ ವಿದೇಶಿ ಸಾಲ 446 ಬಿಲಿಯನ್ ಡಾಲರ್ ಇತ್ತು, ಆಗ ಡಾಲರಿಗೆ ಸುಮಾರು 60 ರೂಪಾಯಿ. ಡಾಲರಿನಲ್ಲಿ ನೋಡಿದರೆ 2025ಕ್ಕೆ ಸಾಲ ಒಂದೂ ಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಕಡಿಮೆ ಆಯಿತು. ರೂಪಾಯಿಯಲ್ಲಿ ನೋಡಿದರೆ ಎರಡೂಕಾಲು ಪಟ್ಟು ದಾಟಿತು. ದೇಶದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ನೂರಕ್ಕೆ 23.9 ಇದ್ದದ್ದು 19.1ಕ್ಕೆ ಇಳಿಯಿತು. ಮೂರೂ ನಿಜ. ಸರ್ಕಾರವನ್ನು ಬೈಯುವವರು ಒಂದನ್ನು ಎತ್ತಿಕೊಳ್ಳುತ್ತಾರೆ, ಹೊಗಳುವವರು ಇನ್ನೊಂದನ್ನು. ಮನೆ ಸಾಲವನ್ನು ಸಂಬಳಕ್ಕೆ ಹೋಲಿಸಿ ನೋಡುತ್ತೇವಲ್ಲ, ಹಾಗೆ ಮೂರನೆಯ ಅಳತೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಅನಿಸುತ್ತದೆ.

ಶ್ರೀಲಂಕಾದ ಮಾತು ಬಂದರೆ ಇನ್ನೂ ಒಂದು ಅಂಕಿ ನೋಡಿ: ಕೈಯಲ್ಲಿರುವ ವಿದೇಶಿ ವಿನಿಮಯ ಮೀಸಲು. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲದ ಕಂತು ನಿಲ್ಲಿಸಿದಾಗ ಅದರ ಕೈಯಲ್ಲಿ ಡಾಲರೇ ಖಾಲಿಯಾಗಿತ್ತು. ಪೆಟ್ರೋಲ್, ಔಷಧಿ ತರಿಸುವುದಕ್ಕೂ ಕಷ್ಟವಾಗಿತ್ತು. 2025ರ ಮಾರ್ಚ್‌ನಲ್ಲಿ ಭಾರತದ ಮೀಸಲು ಸುಮಾರು 668 ಬಿಲಿಯನ್ ಡಾಲರ್. ವರ್ಷದೊಳಗಿನ ಅವಧಿಗೆ ಪಡೆದ ಸಾಲ ಈ ಮೀಸಲಿನ ಐದನೇ ಒಂದು ಪಾಲು. ಎರಡು ದೇಶಗಳ ಸ್ಥಿತಿ ಒಂದೇ ಅಲ್ಲ.

ಐದನೆಯದು: ಜೊತೆಗೆ ಅಂಟಿಸಿದ ಕತೆಗಳನ್ನು ಬೇರೆ ಮಾಡಿ

ಚಿನ್ನದ ಕತೆ ಹಿರಿಯರಿಗೆ ಬೇಗ ನಾಟುತ್ತದೆ. ಯಾಕೆಂದರೆ ಅದು ಒಮ್ಮೆ ನಿಜವಾಗಿ ನಡೆದಿದೆ. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತ್ತು. ಆ ನೋವಿನ ನೆನಪಿನ ಮೇಲೆಯೇ ಹೊಸ ಸುಳ್ಳು ಕಟ್ಟುತ್ತಾರೆ. 2014ರಲ್ಲಿ ಗುಟ್ಟಾಗಿ ಚಿನ್ನ ಸಾಗಿಸಿದರು ಎಂಬ ಸುದ್ದಿ 2019ರ ಚುನಾವಣೆ ಹೊತ್ತಿಗೆ ಹಬ್ಬಿತು. ರಿಸರ್ವ್ ಬ್ಯಾಂಕೇ ಅದನ್ನು ಅಲ್ಲಗಳೆಯಬೇಕಾಯಿತು. ಪರೀಕ್ಷೆ ಮಾಡುವುದು ಸುಲಭ. ವಿದೇಶಿ ವಿನಿಮಯ ಮೀಸಲಿನ ಬಗ್ಗೆ ರಿಸರ್ವ್ ಬ್ಯಾಂಕ್ ಆರು ತಿಂಗಳಿಗೊಮ್ಮೆ ವರದಿ ಕೊಡುತ್ತದೆ. ಚಿನ್ನ ಎಷ್ಟಿದೆ, ಎಲ್ಲಿದೆ ಎಂದು ಅದರಲ್ಲಿ ಬರೆದಿರುತ್ತದೆ. 2025ರ ಮಾರ್ಚ್‌ನಲ್ಲಿ ಸುಮಾರು 880 ಟನ್ ಇತ್ತು, ಅದರಲ್ಲಿ 512 ಟನ್ ದೇಶದೊಳಗೇ ಇತ್ತು. ಉಳಿದದ್ದರಲ್ಲಿ ಹೆಚ್ಚಿನದು ಲಂಡನ್ನಿನಂಥ ಕಡೆ ಕಾಪಿಡಲು ಇಟ್ಟದ್ದು. ಕಾಪಿಡಲು ಲಾಕರಿನಲ್ಲಿ ಇಡುವುದೇ ಬೇರೆ, ಗಿರವಿ ಅಂಗಡಿಯಲ್ಲಿ ಇಡುವುದೇ ಬೇರೆ.

ಇನ್ನು ವಿಶ್ವ ಬ್ಯಾಂಕ್. ಅದರ ವೆಬ್‌ಸೈಟಿನಲ್ಲಿ ಯೋಜನೆಗಳ ಪಟ್ಟಿ ಇದೆ. ಭಾರತ ಎಂದು ಆರಿಸಿ, ಸಾಲ ಮಂಜೂರಾದ ತಾರೀಖು ನೋಡಿ. 1949ರಲ್ಲಿ ರೈಲ್ವೆಗೆ ತಂದ ಸಾಲದಿಂದ ಶುರುವಾಗಿ ಇವತ್ತಿನ ತನಕ ಇದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಎದುರಿಸಲು ಒಂದೇ ಸಲಕ್ಕೆ ಒಂದು ಬಿಲಿಯನ್ ಡಾಲರ್ ಮಂಜೂರಾಗಿತ್ತು. 'ಪೂರ್ತಿ ತೀರಿಸಿದ ಭಾರತ' ಎಂಬುದು ಸುಳ್ಳು. ಇದರ ಹಿಂದೆ ಒಂದು ನಿಜದ ಎಳೆ ಇರಬಹುದು. ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಪಡೆದ ಸಾಲವನ್ನು ಭಾರತ 2000ದ ಮೇ 31ಕ್ಕೆ ಪೂರ್ತಿ ತೀರಿಸಿತು. 1993ರಿಂದ ಈಚೆಗೆ ಅಲ್ಲಿ ಸಾಲ ಪಡೆದಿಲ್ಲ. ಐಎಂಎಫ್, ವಿಶ್ವ ಬ್ಯಾಂಕ್ ಎರಡನ್ನೂ ಕಲಸಿ, ತಾರೀಖು ಕಿತ್ತು ಹಾಕಿದರೆ ಹೊಸ ಮೆಸೇಜ್ ತಯಾರು.

'ಹಳೆ ಸರ್ಕಾರ ಉಳಿಸಿಹೋದ ಇರಾನ್ ಸಾಲ ತೀರಿಸಿದೆವು' ಎಂದು ಓಡಾಡುವ ಇನ್ನೊಂದು ಮೆಸೇಜನ್ನು ಮಂಗಳೂರಿನವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಹುದು. ಅದು ಸರ್ಕಾರ ಮಾಡಿದ ಸಾಲವಲ್ಲ. ಸುರತ್ಕಲ್ ಪಕ್ಕದ ಎಂಆರ್‌ಪಿಎಲ್ ಸೇರಿ ನಮ್ಮ ತೈಲ ಕಂಪನಿಗಳು ಇರಾನಿನಿಂದ ಕಚ್ಚಾ ತೈಲ ತರಿಸಿದ್ದವು. ಇರಾನ್ ಮೇಲೆ ಅಮೆರಿಕ ಮತ್ತಿತರ ದೇಶಗಳು ಹಾಕಿದ್ದ ನಿರ್ಬಂಧಗಳಿಂದಾಗಿ ದುಡ್ಡು ಕಳಿಸುವ ದಾರಿಯೇ ಮುಚ್ಚಿತ್ತು. 2016ರ ಜನವರಿಯಲ್ಲಿ ನಿರ್ಬಂಧ ಸಡಿಲವಾಯಿತು. ಆಮೇಲೆ ಬಾಕಿ ಕೊಟ್ಟರು. ದುಡ್ಡು ಕೈಯಲ್ಲಿತ್ತು, ಕಳಿಸಲು ಆಗುತ್ತಿರಲಿಲ್ಲ ಅಷ್ಟೇ.

ಆರನೆಯದು: ರಾಜ್ಯದ ಹೆಸರಿದ್ದರೆ

'ಕರ್ನಾಟಕವನ್ನು ಜಪಾನಿಗೆ, ಚೀನಾಕ್ಕೆ ಅಡವಿಟ್ಟರು' ಎಂದು ಬಂದರೆ ಸಂವಿಧಾನದ 293ನೇ ವಿಧಿ ನೆನಪಿಡಿ. ರಾಜ್ಯ ಸರ್ಕಾರ ದೇಶದ ಒಳಗೆ ಮಾತ್ರ ಸಾಲ ಎತ್ತಬಹುದು. ಹೊರಗಿನ ಸಾಲ ಕೇಂದ್ರದ ಮೂಲಕ ಬರುತ್ತದೆ, ರಾಜ್ಯ ಅದನ್ನು ತೀರಿಸುತ್ತದೆ. ಅಂಥ ಸಾಲ ನಮ್ಮಲ್ಲಿ ಇದೆ, ಕಣ್ಣಿಗೂ ಕಾಣುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿದೆ. ನಮ್ಮ ಮೆಟ್ರೋಗೂ ಹೊರಗಿನ ಸಾಲ ಬಂದಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಿಗೆ ದಿನವಿಡೀ ನೀರು ಕೊಟ್ಟ ಮೊದಲ ಪ್ರಯೋಗ ವಿಶ್ವ ಬ್ಯಾಂಕಿನ ಸಾಲದಲ್ಲಿ ಆದದ್ದು. ಇವುಗಳ ಬಡ್ಡಿ, ಷರತ್ತು ನಮಗೆ ಒಳ್ಳೆಯದೇ ಎಂದು ಕೇಳುವುದು ನಮ್ಮ ಹಕ್ಕು, ಕೇಳಲೇಬೇಕು. 'ಅಡವು' ಎಂಬ ಪದ ಆ ಪ್ರಶ್ನೆಯನ್ನೇ ಮುಚ್ಚಿಹಾಕುತ್ತದೆ.

ಸಾಲದ ಬಗ್ಗೆ ಚಿಂತೆ ಮಾಡಲೇಬೇಕು ಎಂದಿದ್ದರೆ ಕೇಂದ್ರ ಬಜೆಟ್ ತೆರೆಯಿರಿ. 2025-26ರ ಒಟ್ಟು ಖರ್ಚು 50.65 ಲಕ್ಷ ಕೋಟಿ. ಅದರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ, ಅಂದರೆ ಕಾಲು ಭಾಗ. ಆ ಬಡ್ಡಿ ಬಹುಪಾಲು ದೇಶದ ಒಳಗಿನ ಸಾಲದ್ದು. ಕೇಂದ್ರದ ಒಟ್ಟು ಸಾಲದಲ್ಲಿ ವಿದೇಶಿ ಸಾಲ ನೂರಕ್ಕೆ ಐದರ ಆಸುಪಾಸು. ಶಾಲೆ, ಆಸ್ಪತ್ರೆಗೆ ಹೋಗಬೇಕಾದ ದುಡ್ಡು ಬಡ್ಡಿಗೆ ಹೋಗುತ್ತಿದೆ ಎಂಬ ಸಂಕಟ ನನಗೂ ಇದೆ. ಆ ಬಗ್ಗೆ ಮಾತ್ರ ಯಾರೂ ಮೆಸೇಜ್ ಕಳಿಸುವುದಿಲ್ಲ.

ಕೊನೆಗೆ: ಗ್ರೂಪಿನಲ್ಲಿ ಉತ್ತರ ಬರೆಯುವಾಗ

ಕಳಿಸಿದವರನ್ನು ಹಂಗಿಸಬೇಡಿ. ಅವರೂ ಹೆದರಿಯೇ ಕಳಿಸಿರುತ್ತಾರೆ. ಉದ್ದ ಬರೆದರೆ ಯಾರೂ ಓದುವುದಿಲ್ಲ. ತಾರೀಖು ಇರಲಿ, ಮೂಲ ಇರಲಿ, ಸರಿ ಇರುವ ಭಾಗವನ್ನು ಸರಿ ಎಂದೇ ಹೇಳಿ. ದೊಡ್ಡಪ್ಪ ತಮ್ಮ ನಿವೃತ್ತ ಶಿಕ್ಷಕರ ಗ್ರೂಪಿನಲ್ಲಿ ಬರೆದದ್ದು ಇಷ್ಟು: 'ತಲೆಗೆ 45 ಸಾವಿರ ಎಂಬ ಲೆಕ್ಕ 2025ರ ಮಾರ್ಚ್‌ನದ್ದು, ಭಾಗಾಕಾರ ಸರಿ ಇದೆ. ಆದರೆ ಅದು ಸರ್ಕಾರದ ಸಾಲ ಅಲ್ಲ, ಇಡೀ ದೇಶದ ಬಾಕಿ. ಕಂಪನಿಗಳದ್ದು, ಬ್ಯಾಂಕುಗಳದ್ದು, ಗಲ್ಫಿನಲ್ಲಿರುವ ನಮ್ಮ ಮಕ್ಕಳ ಠೇವಣಿ ಎಲ್ಲಾ ಸೇರಿದೆ. ಸರ್ಕಾರದ ಪಾಲು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿದೆ. ಯಾರೂ ಎಫ್‌ಡಿ ಮುರಿಸಬೇಡಿ.'

ಮರುದಿನ ಬೆಳಿಗ್ಗೆ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನ ಫೋಟೋ ಕಳಿಸಿದ್ದರು. ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರು. ಜೂನ್ 30ರ ಚೌಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿತ್ತು: 'ಹೊಸ ಸಾಲದ ಲೆಕ್ಕ ಬರುತ್ತದೆ. ನೋಡಬೇಕು.'