ಎಕ್ಸ್‌ರೇ ಕೋರ್ಸ್ ಓದಲು ಹೋಗುವ ಮೊದಲು ನಾನು ಮಾಡಿಕೊಂಡ ತಯಾರಿ

ಪಿಯುಸಿ ರಿಸಲ್ಟ್ ಬಂದಿತ್ತು. ಕಾಲೇಜು ಶುರುವಾಗಲು ಇನ್ನೂ ಎರಡೂವರೆ ತಿಂಗಳು ಇತ್ತು. ನಾನು ಚಳ್ಳಕೆರೆ ಕಡೆಯವಳು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಎಕ್ಸ್‌ರೇ, ಸ್ಕ್ಯಾನ್ ತೆಗೆಯೋದನ್ನು ಕಲಿಸುವ ಬಿ.ಎಸ್ಸಿ. ಇಮೇಜಿಂಗ್ ಟೆಕ್ನಾಲಜಿ ಸೀಟು ಸಿಕ್ಕಿದಾಗ ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಎಕ್ಸ್‌ರೇ ತೆಗೆಯೋಕೆ ನಾಲ್ಕು ವರ್ಷ ಓದ್ಬೇಕಾ?" ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಈ ಕೆಲಸಕ್ಕೆ ಬಂದು ಈಗ ಒಂಬತ್ತು ವರ್ಷ. ಇದೇ ಕೋರ್ಸ್‌ಗೆ ಹೊರಟವರು ಏನು ಓದಿಕೊಂಡು ಹೋಗಬೇಕು ಅಂತ ಆಗಾಗ ಕೇಳುತ್ತಾರೆ. ನಾನು ಮಾಡಿದ್ದನ್ನು ಹೇಳುತ್ತೇನೆ.

ನಮ್ಮ ಊರಿನ ಒಂದು ಸಣ್ಣ ಎಕ್ಸ್‌ರೇ ಸೆಂಟರ್‌ನಲ್ಲಿ ಪರಿಚಯದ ಟೆಕ್ನಿಷಿಯನ್ ಅಣ್ಣ ಇದ್ದರು. ಬಂದು ನೋಡಬಹುದಾ ಅಂತ ಕೇಳಿದೆ. ರೋಗಿಯನ್ನು ನಿಲ್ಲಿಸೋದು, ಮಲಗಿಸೋದು ನೋಡಲು ಬಿಟ್ಟರು. ಎಕ್ಸ್‌ಪೋಷರ್ ಕೊಡುವಾಗ, ಅಂದರೆ ಕಿರಣ ಬಿಡುವಾಗ ಮಾತ್ರ ನನ್ನನ್ನು ಬಾಗಿಲಾಚೆ ಕಳಿಸುತ್ತಿದ್ದರು. ಮೊದಲ ದಿನವೇ ಒಂದು ಮಾತು ಹೇಳಿದರು: "ಬಟನ್ ಒತ್ತೋದು ಯಾರಾದ್ರೂ ಕಲೀತಾರಮ್ಮ. ಮೂಳೆ ಎಲ್ಲಿದೆ ಅಂತ ನಿನ್ ಬೆರಳಿಗೆ ಗೊತ್ತಾಗ್ಬೇಕು."

ಆ ಮಾತು ಹಿಡಿದುಕೊಂಡು ಮನೆಗೆ ಬಂದೆ. ತಲೆ ಬಗ್ಗಿಸಿ ಕುತ್ತಿಗೆಯ ಹಿಂದೆ ಕೈಯಾಡಿಸಿದರೆ ಬುಡದಲ್ಲಿ ಒಂದು ಮೂಳೆ ಉಬ್ಬಿಕೊಂಡು ಸಿಗುತ್ತೆ. ಅದು ಸಾಮಾನ್ಯವಾಗಿ ಕುತ್ತಿಗೆಯ ಏಳನೇ ಕಶೇರು. ಕಶೇರು ಅಂದರೆ ಬೆನ್ನುಮೂಳೆಯ ಸಾಲಿನ ಒಂದೊಂದು ಬಿಡಿ ಮೂಳೆ. ಹೆಗಲ ರೆಕ್ಕೆ ಮೂಳೆಯ ಕೆಳತುದಿ ಎದೆಭಾಗದ ಏಳನೇ ಕಶೇರುವಿನ ಮಟ್ಟಕ್ಕೆ ಬರುತ್ತೆ. ಎದೆಯ ಎಕ್ಸ್‌ರೇಯಲ್ಲಿ ಕಿರಣದ ನಡುಭಾಗವನ್ನು ಅಲ್ಲಿಗೇ ಹಿಡಿಯೋದು. ಸೊಂಟದ ಎರಡೂ ಬದಿಯ ಮೂಳೆಯ ಮೇಲಂಚಿಗೆ ಅಡ್ಡ ಗೆರೆ ಎಳೆದರೆ ಸೊಂಟದ ನಾಲ್ಕನೇ ಕಶೇರು. ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತೆ, ಅದರ ತಳದಲ್ಲಿ ಸ್ಕ್ಯಾಫಾಯ್ಡ್ ಅನ್ನೋ ಮಣಿಕಟ್ಟಿನ ಸಣ್ಣ ಮೂಳೆ. ಕೈ ಊರಿ ಬಿದ್ದವರಲ್ಲಿ ಮುರಿದರೂ ಮೊದಲ ಎಕ್ಸ್‌ರೇಯಲ್ಲಿ ಕೆಲವು ಸಲ ಕಾಣದೇ ಹೋಗೋ ಮೂಳೆ ಅದು.

ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಪಟೆಲ್ಲಾ ಅಂದರೆ ಮಂಡಿಚಿಪ್ಪು, ಸ್ಕ್ಯಾಪುಲಾ ಅಂದರೆ ಹೆಗಲ ರೆಕ್ಕೆ, ಹೀಗೆ. ಪ್ರತಿ ಹೆಸರಿನ ಮುಂದೆ ಅದನ್ನು ಎಲ್ಲಿ ಮುಟ್ಟಿ ನೋಡಿದೆ ಅಂತಲೂ ಬರೆದೆ. ತಮ್ಮನ ಮೈಮೇಲೂ ಹುಡುಕಿದೆ, ಅಜ್ಜಿಯ ಮೈಮೇಲೂ ಹುಡುಕಿದೆ. ವಯಸ್ಸಾದವರ ಬೆನ್ನು ಬಾಗಿದಾಗ ಲೆಕ್ಕ ಹೇಗೆ ತಪ್ಪುತ್ತೆ ಅಂತ ಅಲ್ಲೇ ಗೊತ್ತಾಯ್ತು. ಮುಂದೆ ಅನಾಟಮಿ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ಓಡುತ್ತಿದ್ದರೂ ನನಗೆ ಜಾಸ್ತಿ ಗಾಬರಿ ಆಗಲಿಲ್ಲ.

ಫಿಸಿಕ್ಸ್‌ಗೆ ಹೊಸ ಪುಸ್ತಕ ಕೊಳ್ಳಲಿಲ್ಲ, ಪಿಯುಸಿದೇ ತೆಗೆದೆ. ಕಿರಣದ ನುಗ್ಗೋ ಶಕ್ತಿ ಕಿಲೋವೋಲ್ಟ್‌ನಿಂದ ಬರುತ್ತೆ. ಎಷ್ಟು ಕಿರಣ ಅನ್ನೋದು ಮಿಲಿಆಂಪಿಯರ್ ಮತ್ತು ಸಮಯದ ಮೇಲೆ. ನಮ್ಮೂರ ನಲ್ಲಿಯ ಹಾಗೆ: ನೀರಿನ ರಭಸ ಬೇರೆ, ಕೊಡ ಎಷ್ಟು ತುಂಬ್ತು ಅನ್ನೋದು ಬೇರೆ. ಕಿರಣ ಹುಟ್ಟಿಸೋ ಎಕ್ಸ್‌ರೇ ಟ್ಯೂಬಿಗೆ ಕೊಟ್ಟ ಶಕ್ತಿಯಲ್ಲಿ ಸುಮಾರು ನೂರಕ್ಕೆ 99 ಪಾಲು ಶಾಖವಾಗಿ ಹೋಗುತ್ತೆ, ಎಕ್ಸ್‌ರೇ ಆಗೋದು ಒಂದು ಪಾಲು. ಅದಕ್ಕೇ ಟ್ಯೂಬಿನೊಳಗೆ ಕಿರಣ ಹುಟ್ಟೋ ಜಾಗವಾದ ಆನೋಡ್‌ಗೆ, ಅಷ್ಟು ಶಾಖಕ್ಕೂ ಸುಲಭಕ್ಕೆ ಕರಗದ ಟಂಗ್‌ಸ್ಟನ್ ಲೋಹ ಬೇಕು.

ದೂರದ ಲೆಕ್ಕವನ್ನು ಕೈಯಾರೆ ಮಾಡಿ ನೋಡಿದೆ. ರಟ್ಟಿನಲ್ಲಿ ಒಂದಿಂಚು ಚೌಕದ ತೂತು ಮಾಡಿ, ಮೊಬೈಲ್ ಟಾರ್ಚ್‌ನಿಂದ ಒಂದಡಿ ದೂರ ಹಿಡಿದೆ. ಟಾರ್ಚ್‌ನಿಂದ ಎರಡಡಿ ಆಚೆ ಗೋಡೆ. ಗೋಡೆಯ ಮೇಲೆ ಎರಡಿಂಚು ಚೌಕ ಬಿತ್ತು. ಅಷ್ಟೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿತ್ತು. ಎಕ್ಸ್‌ರೇಯೂ ಹೀಗೇ, ದೂರ ಹೋದಷ್ಟೂ ತೆಳುವಾಗುತ್ತೆ. ಅಣ್ಣ ನನ್ನನ್ನು ಬಾಗಿಲಾಚೆ ಯಾಕೆ ಕಳಿಸುತ್ತಿದ್ದರು ಅಂತ ಅವತ್ತು ಸರಿಯಾಗಿ ಅರ್ಥ ಆಯ್ತು. ಅಮ್ಮನಿಗೂ ಅದನ್ನೇ ತೋರಿಸಿದೆ, ಯಾಕಂದರೆ "ಈ ಕೆಲಸಕ್ಕೆ ಹೋದ್ರೆ ಮಕ್ಕಳಾಗಲ್ವಂತೆ" ಅಂತ ಯಾರೋ ಅವರ ತಲೆಗೆ ತುಂಬಿದ್ದರು. ದೂರ, ಸೀಸದ ತಡೆ, ಕಡಿಮೆ ಸಮಯ, ಈ ಮೂರನ್ನು ಪಾಲಿಸಿದರೆ ಹೆದರುವ ಕೆಲಸ ಅಲ್ಲ ಇದು. ಕೆಲಸಗಾರರಿಗೆ ನಮ್ಮ ದೇಶದ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲೋ ಕಿರಣವನ್ನು ಅಳೆಯೋ ಮಾನ). ಎದೆಯ ಮೇಲೆ, ಸೀಸದ ಏಪ್ರನ್ ಒಳಗೆ ಹಾಕೋ, ನಮಗೆ ತಗುಲಿದ ಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಲೆಕ್ಕಕ್ಕೆ ಹೋಗುತ್ತೆ. ಅದನ್ನು ಬ್ಯಾಗಿನಲ್ಲಿ ಮರೆತುಬಿಡುವವರನ್ನು ಕಂಡರೆ ನನಗೆ ಈಗಲೂ ಸಂಕಟ ಆಗುತ್ತೆ.

ಊರಿನ ಆ ಸೆಂಟರ್‌ನಲ್ಲಿ ನೋಡಿದ ಒಂದು ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಮ್ಮು ಅಂತ ಬಂದ ಅಜ್ಜಿಗೆ ತಾಳಿ ತೆಗೆಯಲು ಮನಸ್ಸಿಲ್ಲ. ಅಣ್ಣ ಒತ್ತಾಯ ಮಾಡಲಿಲ್ಲ. "ತೆಗೀಬೇಡ ಅಜ್ಜಿ. ಮೇಲೆತ್ತಿ ಹಲ್ಲಲ್ಲಿ ಕಚ್ಕೋ" ಅಂದರು. ಜಡೆ ಎತ್ತಿ ತುರುಬು ಕಟ್ಟಿಸಿದರು, ಇಳಿಬಿಟ್ಟ ಜಡೆಯ ನೆರಳು ಶ್ವಾಸಕೋಶದ ಮೇಲೆ ಬೀಳುತ್ತೆ. ಭುಜ ಮುಂದಕ್ಕೆ ತಳ್ಳಿ, ರೆಕ್ಕೆ ಮೂಳೆ ಪಕ್ಕಕ್ಕೆ ಸರಿಸಿದರು. ಆಮೇಲೆ ತಾವೇ ಉಸಿರು ಎಳೆದು ತೋರಿಸಿ, "ಹಿಂಗೆ ಎಳ್ಕೊಂಡು ಬಿಗಿ ಹಿಡ್ಕೋ" ಅಂದರು. ಒಂದೇ ಸಲಕ್ಕೆ ಎಕ್ಸ್‌ರೇ ಚೆನ್ನಾಗಿ ಬಂತು. ಎರಡನೇ ಸಲ ಕಿರಣ ಕೊಡುವುದು ತಪ್ಪಿತು.

ಅವತ್ತಿನಿಂದ ರೋಗಿಯ ಜೊತೆ ಮಾತಾಡೋದನ್ನೂ ಮನೆಯಲ್ಲಿ ಅಭ್ಯಾಸ ಮಾಡಿದೆ. ಬಸುರಿ ಇರಬಹುದಾ, ಮುಟ್ಟು ಯಾವಾಗ ಆಗಿತ್ತು ಅಂತ ಹೆಣ್ಣುಮಕ್ಕಳನ್ನು ಕೇಳಲೇಬೇಕು. ಹದಿನೇಳರ ವಯಸ್ಸಿಗೆ ಅದು ಬಾಯಿಗೇ ಬರುತ್ತಿರಲಿಲ್ಲ. ಅತ್ತಿಗೆಯನ್ನು ಕೂರಿಸಿಕೊಂಡು, ಹತ್ತಿರ ಹೋಗಿ ಮೆಲ್ಲಗೆ ಕೇಳೋದನ್ನು ಕಲಿತೆ.

ಕೊನೆಗೆ ಒಂದು ವಿಷಯ, ಇದರಲ್ಲಿ ನಾನು ಎಡವಿದ್ದೆ. ಫೀಸ್ ಕಟ್ಟುವ ಮೊದಲು ಕಾಲೇಜಿನ ಆಸ್ಪತ್ರೆಯನ್ನು ಹೋಗಿ ನೋಡಿರಲಿಲ್ಲ. ಸಿಟಿ ಸ್ಕ್ಯಾನ್ ಯಂತ್ರ ಇದೆ ಅಂದಿದ್ದರು, ಅದು ಕೆಟ್ಟು ನಿಂತಿತ್ತು. ಎರಡು ವರ್ಷ ಅದರ ಮುಂದೆ ಸುಮ್ನೆ ಓಡಾಡಿದೆವು. ನೀವು ಹೋಗಿ ನೋಡಿ. ಸಿಟಿ, ಎಂಆರ್‌ಐ ನಡೀತಿವೆಯಾ, ದಿನಕ್ಕೆ ಎಷ್ಟು ರೋಗಿಗಳು ಬರ್ತಾರೆ, ಎರಡನೇ ವರ್ಷದವರ ಕೈಗೆ ಕೆಲಸ ಕೊಡ್ತಾರಾ ಅಂತ ಅಲ್ಲಿನ ಹುಡುಗ ಹುಡುಗಿಯರನ್ನೇ ಕೇಳಿ.